ಮೂರು ಸಲ ಎಳೆದ ದಾರ

ಕಾಲಣ್ಣ ಮಾಡುವುದು ಕಾಲು. ಮಂಚದ ಕಾಲು, ಮೇಜಿನ ಕಾಲು, ಕುರ್ಚಿಯ ಕಾಲು, ತೊಟ್ಟಿಲ ಕಾಲು. ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಉಳಿ ಒತ್ತಿ, ಗುಂಡು, ಕುತ್ತಿಗೆ, ಬಳೆ ಎಂದು ಒಂದೊಂದಾಗಿ ಕಡೆದು ತೆಗೆಯುತ್ತಾನೆ. ಈ ಬೀದಿಯ ಅರ್ಧ ಜನ ಮಲಗುವುದು ನನ್ನ ಕಾಲಿನ ಮೇಲೆ ಎಂದು ಆಗಾಗ ಹೇಳುವುದುಂಟು. ಐವತ್ತೆಂಟು ವರ್ಷದಲ್ಲಿ ಅವನು ಮಾಡಿರುವ ತಮಾಷೆ ಇದೊಂದೇ, ಆದ್ದರಿಂದ ಕೇಳಿದವರು ಪಾಪ ಎಂದು ನಕ್ಕುಬಿಡುತ್ತಾರೆ. ಅವನ ನಿಜವಾದ ಹೆಸರು ಜೊತೆಗಿದ್ದ ಅಕ್ಕನಿಗೆ ಮಾತ್ರ ಚೆನ್ನಾಗಿ ನೆನಪಿತ್ತು, ಅವಳೂ ಅದನ್ನು ಬಳಸುತ್ತಿರಲಿಲ್ಲ. "ಲೋ" ಅಂದರೆ ಸಾಕಾಗುತ್ತಿತ್ತು.

ಸಾಕಾಗುತ್ತಿತ್ತು ಅಂದೆ, ಅದೂ ಪೂರ್ತಿ ನಿಜವಲ್ಲ. ಲೇತು ತಿರುಗುವಾಗ ಇವನ ಕಿವಿಗೆ ಗುಡುಗೂ ಬೀಳುವುದಿಲ್ಲ. ಬೀದಿಗೆ ಮುಖ ಮಾಡಿದ ಒಂದು ನಡುಮನೆ, ಪಕ್ಕದಲ್ಲಿ ಅಕ್ಕನ ಕೋಣೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಅಪ್ಪನ ಕಾಲದ ಕೆಲಸದ ಕೋಣೆ. ಇಷ್ಟಕ್ಕೂ ಮೇಲೆ ಒಂದೇ ಉದ್ದದ ಹಲಗೆಯ ಅಟ್ಟ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅಕ್ಕನಿಗೆ ಹದಿನೇಳು, ಇವನಿಗೆ ಹನ್ನೊಂದು. ಅಕ್ಕ ತನ್ನ ಪುಸ್ತಕಗಳನ್ನು ಕಟ್ಟಿಟ್ಟು ಇವನ ಪುಸ್ತಕ ಬಿಚ್ಚಿಸಿದಳು. ಇವನಿಗೋ ಓದು ತಲೆಗೆ ಹತ್ತಲಿಲ್ಲ, ಲೇತು ಕೈಗೆ ಹತ್ತಿತು. ಮದುವೆಯ ಮಾತು ಇಬ್ಬರ ಬಾಗಿಲಿಗೂ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಕಂಡು, ಬಂದ ದಾರಿಯಲ್ಲೇ ಹೋಯಿತು.

ಈಗ ಆ ದಾರದ ಕತೆ ಹೇಳಬೇಕು. ಊಟಕ್ಕೆ ಕರೆದು ಕರೆದು ಗಂಟಲು ಕಟ್ಟಿದ ಮೇಲೆ ಅಕ್ಕ ಒಂದು ದಿನ ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ಅಡುಗೆಮನೆಯ ಒಲೆಯ ಪಕ್ಕದಿಂದ ಒಂದು ಗಟ್ಟಿ ದಾರವನ್ನು ಹಲಗೆಯ ಸಂದಿಯಲ್ಲಿ ಮೇಲಕ್ಕೆ ತೂರಿಸಿ, ಅಟ್ಟದ ಉದ್ದಕ್ಕೂ ನೂಲಿನ ಖಾಲಿ ರೀಲುಗಳ ಮೇಲೆ ಹಾಯಿಸಿ, ಕೆಲಸದ ಕೋಣೆಯಲ್ಲಿ ಲೇತಿನ ನೇರಕ್ಕೆ ಒಂದು ತೂತು ಕೊರೆದು ಇಳಿಬಿಟ್ಟಳು. ಆ ತುದಿಗೆ ಇವನೇ ಕೆಡಿಸಿ ಎಸೆದಿದ್ದ ಮಂಚದ ಕಾಲಿನ ಒಂದು ಗುಂಡು. ಈ ತುದಿಗೆ ಪರದೆಯ ಹಿತ್ತಾಳೆ ಬಳೆ, ಗೋಡೆಯ ಮೊಳೆಗೆ ತೂಗುಹಾಕಿದ್ದು. ಬಳೆ ಹಿಡಿದು ಎಳೆದರೆ ಕಾಲಣ್ಣನ ಮೂಗಿನ ಮುಂದೆ ಗುಂಡು ಕುಣಿಯುತ್ತದೆ. ಒಂದು ಸಲ ಎಳೆದರೆ ಊಟ. ಎರಡು ಸಲ ಎಳೆದರೆ ಯಾರೋ ಬಂದಿದ್ದಾರೆ. ಮೂರು ಸಲ ಎಳೆದರೆ ಕೈಯಲ್ಲಿರೋದನ್ನ ಬಿಟ್ಟು ಓಡಿ ಬಾ. ಇವನು ಗುಂಡನ್ನು ಹಿಡಿದು ಒಂದು ಸಲ ಕೆಳಕ್ಕೆ ಜಗ್ಗಬೇಕು; ಆಗ ಅಲ್ಲಿ ಅಕ್ಕನ ಕೈಯಲ್ಲಿನ ಬಳೆ ಒಂದು ಗೇಣು ಮೇಲಕ್ಕೆ ಹೋಗುತ್ತದೆ. ಹಾಗೆಂದರೆ "ಬಂದೆ" ಎಂದರ್ಥ.

ಕಾಲಣ್ಣನ "ಬಂದೆ" ಎಂಬುದಕ್ಕೆ ಐದು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಈ ಕಾಲಿಗೆ ಇನ್ನೊಂದು ಬಳೆ ಕಡೆದುಬಿಡೋಣ, ಇದಕ್ಕೊಂದು ಸಲ ಉಪ್ಪುಕಾಗದ ಉಜ್ಜಿ ನುಣುಪು ಮಾಡಿಬಿಡೋಣ, ಅಷ್ಟರಲ್ಲಿ ಊಟ ಆರಿ ತಣ್ಣಗಾಗುತ್ತಿತ್ತು. ಅಕ್ಕ ಬಿಸಿ ಮಾಡುತ್ತಿದ್ದಳು. ಅದೂ ಆರುತ್ತಿತ್ತು. ಮೂವತ್ತು ವರ್ಷ ಆ ಮನೆಯಲ್ಲಿ ಬಿಸಿ ಊಟ ಉಂಡವರಿಲ್ಲ ಅಂದರೆ ನೀವು ನಂಬಬೇಕು.

ಧೂಳಿನ ವಿಷಯ ಬೇರೆ. ಅದು ಎಲ್ಲರಿಗೂ ಕಾಣುತ್ತಿದ್ದ ವಿಷಯ. ಕಡೆಯುವಾಗ ಬೀಳುವ ದಪ್ಪ ಸಿಪ್ಪೆಯಿಂದ ತೊಂದರೆಯಿಲ್ಲ, ಗುಡಿಸಿದರೆ ಹೋಗುತ್ತದೆ. ಉಪ್ಪುಕಾಗದ ಹಿಡಿದಾಗ ಏಳುತ್ತದಲ್ಲ ಹಿಟ್ಟಿನಂಥ ಧೂಳು, ಅದು ಬಾಗಿಲು ಮುಚ್ಚಿದರೂ ಬರುತ್ತದೆ, ಕಿಟಕಿ ತೆರೆದರೂ ಹೋಗುವುದಿಲ್ಲ. ಸಕ್ಕರೆ ಡಬ್ಬಿಯಲ್ಲಿ ಅದೇ, ಮಡಿಸಿಟ್ಟ ಬಟ್ಟೆಯಲ್ಲಿ ಅದೇ. ಅಕ್ಕ ಕನ್ನಡಿ ಒರೆಸಿ ತಲೆ ಬಾಚಿ ಮುಗಿಸುವಷ್ಟರಲ್ಲಿ ಕನ್ನಡಿ ಮತ್ತೆ ಮಸುಕಾಗುತ್ತಿತ್ತು. ಅವಳಿಗೆ ಮೊದಲು ಬೆಳಗಿನ ಕೆಮ್ಮು ಬಂತು, ಆಮೇಲೆ ಹಗಲೆಲ್ಲ ಕೆಮ್ಮು, ಕೊನೆಗೆ ಉಬ್ಬಸ. ಕಾಲಣ್ಣ ಒಂದು ಬಟ್ಟೆ ತಂದುಕೊಟ್ಟು ಮೂಗಿಗೆ ಕಟ್ಟಿಕೋ ಎಂದ. ಅಡುಗೆ ಮಾಡುತ್ತಾ, ಕೆಮ್ಮುತ್ತಾ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವ ಅಕ್ಕನನ್ನು ನೋಡಿದರೂ ಇವನಿಗೆ ಏನೂ ಅನ್ನಿಸಲಿಲ್ಲ. ಕೆಟ್ಟವನಲ್ಲ. ಕತ್ತೆತ್ತಿ ನೋಡುವ ಅಭ್ಯಾಸವಿರಲಿಲ್ಲ, ಅಷ್ಟೇ.

ಆ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಟೀಚರಮ್ಮ ಏನೋ ಕೇಳಲು ಬಂದವರು ಅಡುಗೆಮನೆಗೆ ಇಣುಕಿದರೆ ಅಕ್ಕ ನೆಲದ ಮೇಲೆ ಬಿದ್ದಿದ್ದಳು. ಉಸಿರು ಕೊಳಲಿನ ಹಾಗೆ ಕುಯ್ ಎನ್ನುತ್ತಿತ್ತು, ತುಟಿ ನೀಲಿಯಾಗಿತ್ತು. ಟೀಚರಮ್ಮ ಓಡಿ ಹೋಗಿ ಕಾಲಣ್ಣನ ಭುಜ ಹಿಡಿದು ಅಲುಗಾಡಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು, ಎಷ್ಟು ಹೊತ್ತಾಗಿತ್ತು, ನಿಮಗೆ ಗೊತ್ತಾಗಲಿಲ್ಲವೇ ಎಂದು ಕೇಳಿದರು. ಕಾಲಣ್ಣ ದಾರದ ವಿಷಯ ಹೇಳಿದ. ಅಕ್ಕ ಎಳೆದಿರಬೇಕು, ಆದರೆ ಕೋಣೆಯ ತುಂಬ ಧೂಳು ತುಂಬಿತ್ತು, ಗುಂಡು ಕಾಣಿಸಲಿಲ್ಲ ಎಂದ. ಡಾಕ್ಟರಿಗೆ ಬೇಕಾಗಿದ್ದೂ ಅದೇ ಉತ್ತರ. ನೋಡಿ, ಎಲ್ಲಕ್ಕೂ ಮೂಲ ಆ ಧೂಳು, ಅದು ಇರುವ ತನಕ ಇವರು ಆ ಮನೆಯಲ್ಲಿ ಇರಕೂಡದು ಎಂದು ಹೇಳಿಬಿಟ್ಟರು. ಮೂಗಿಗೆ ಗಾಳಿಯ ಕೊಳವೆ ಹಾಕಿಸಿಕೊಂಡು ಮಲಗಿದ್ದ ಅಕ್ಕ ತಮ್ಮನನ್ನು ಒಂದು ಸಲ ನೋಡಿ ಕಣ್ಣು ಮುಚ್ಚಿದಳು.

ಹೀಗೆ ಅಕ್ಕ ಮನೆ ಬಿಟ್ಟಳು. ಊರಿನ ಇನ್ನೊಂದು ತುದಿಯಲ್ಲಿ, ಆಸ್ಪತ್ರೆಯ ಹತ್ತಿರ, ಸಾಲಾಗಿ ನಾಲ್ಕು ಬಾಡಿಗೆ ಕೋಣೆಗಳಿದ್ದ ಮನೆಯಲ್ಲಿ ಒಂದು ಕೋಣೆ ಹಿಡಿದಳು. ಬಟ್ಟೆಗೆ ಗುಂಡಿ ಹಾಕುವುದು, ಅಂಚು ಹೊಲಿಯುವುದು ಮಾಡಿಕೊಂಡು ಇದ್ದಳು. ಹೋಗುವ ದಿನ ಕಾಲಣ್ಣ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನ ತನಕ ಹೋಗಿದ್ದ. ಧೂಳು ಹೋಗೋ ಹಾಗೆ ಮಾಡ್ತೀನಿ, ವಾಪಸ್ ಬರ್ತೀಯಾ ಎಂದು ಕೇಳಿದ. "ನೋಡೋಣ" ಎಂದಳು ಅಕ್ಕ. ಇವನ ಕಿವಿಗೆ ಅದು "ಬರ್ತೀನಿ" ಎಂದೇ ಬಿತ್ತು. ಬೇಕಾದದ್ದನ್ನು ಕೇಳಿಸಿಕೊಳ್ಳಲು ಲೇತು ತಿರುಗುತ್ತಿರಬೇಕು ಎಂದೇನೂ ಇಲ್ಲ.

ಅಕ್ಕ ಹೋದ ಮೇಲೆ ಮನೆ ಹೇಗಾಯಿತು ಎಂದು ಹೇಳಿದರೆ ನಿಮಗೂ ಬೇಜಾರು. ಹಾಲು ಉಕ್ಕಿ ಒಲೆಯ ಮೇಲೆ ಕರಕಾಗಿ ಹಿಡಿದದ್ದು ಹಾಗೇ ಇತ್ತು. ಎರಡು ತಟ್ಟೆಗಳಲ್ಲಿ ಒಂದೇ ತೊಳೆದು ತೊಳೆದು ಸವೆಯಿತು, ಇನ್ನೊಂದರ ಮೇಲೆ ಧೂಳು ಕೂತಿತು. ಸಂಜೆ ಲೇತು ನಿಂತ ಮೇಲೆ ಮನೆಯಲ್ಲಿ ಇಷ್ಟೊಂದು ನಿಶ್ಶಬ್ದ ಇತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು. ಕೆಮ್ಮಾದರೂ ಇದ್ದಿದ್ದರೆ ಎನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಮಧ್ಯಾಹ್ನ ಕೆಲಸದ ನಡುವೆ ಕಣ್ಣು ತಾನಾಗಿ ಗುಂಡಿನ ಕಡೆ ಹೋಗುತ್ತಿತ್ತು. ಅದು ಅಲುಗದೆ ಜೋತುಬಿದ್ದಿತ್ತು. ಒಂಟಿತನ ಎಂಬ ಮಾತು ಅವನ ಬಾಯಲ್ಲಿ ಬಂದದ್ದಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಟೀಚರಮ್ಮನ ಹತ್ತಿರ ಹೇಳಿಕೊಂಡ, ಅವರು ಜೀರಿಗೆ ನೀರು ಕುಡಿಯಲು ಹೇಳಿದರು.

ಧೂಳು ಎಳೆಯುವ ಯಂತ್ರದ ವಿಷಯ ಹೇಳಿದವನು ತಗಡಿನವನು. ಬೀದಿಯ ಮೂಲೆಯಲ್ಲಿ ಡಬ್ಬಿ, ಕೊಳವೆ, ಆಲಿಕೆ ಮಾಡಿಕೊಂಡಿರುವ ಮನುಷ್ಯ, ಬಾಯಿಗೆ ಬಿಡುವಿಲ್ಲದವನು. ಒಂದು ದೊಡ್ಡ ಫ್ಯಾನು, ಅದಕ್ಕೊಂದು ಮೋಟರು, ಅದು ಎಳೆದದ್ದು ಬಂದು ಬೀಳಲು ಒಂದು ಡ್ರಮ್ಮು, ಗಾಳಿ ಸೋಸಿ ಹೋಗಲು ಡ್ರಮ್ಮಿನ ಮೇಲೆ ಒಂದು ಬಟ್ಟೆಯ ಚೀಲ. ಅಲ್ಲಿಂದ ಲೇತು, ಮರ ಕೊಯ್ಯುವ ಗರಗಸ ಎಂದು ಪ್ರತಿ ಯಂತ್ರದ ಬಾಯಿಗೂ ಒಂದೊಂದು ತಗಡಿನ ಕೊಳವೆ. ಧೂಳು ಹುಟ್ಟಿದಲ್ಲೇ ಅದನ್ನು ಹೀರಿಬಿಡಬೇಕು, ಗಾಳಿಗೆ ಬಿಟ್ಟ ಮೇಲೆ ಹಿಡಿಯಲು ಹೋದರೆ ಪ್ರಯೋಜನವಿಲ್ಲ ಎಂದ. ಕೆಲಸದ ಕೋಣೆಯಲ್ಲಿ ಕಾಲಣ್ಣ ತಿರುಗಿದರೆ ಮೊಣಕೈ ಗೋಡೆಗೆ ತಾಗುತ್ತದೆ, ಅಲ್ಲಿ ಡ್ರಮ್ಮಿಗೆ ಜಾಗವೆಲ್ಲಿ? ಅಟ್ಟ ಖಾಲಿ ಇದೆಯಲ್ಲ ಎಂದ ತಗಡಿನವನು. ಕಾಲಣ್ಣ ಆವತ್ತೇ ಏಣಿ ಹಾಕಿದ.

ಅಟ್ಟ ಖಾಲಿ ಇದೆ ಎಂದವನು ಅಟ್ಟ ಹತ್ತಿ ನೋಡಿರಲಿಲ್ಲ. ಅಪ್ಪ ಕೂಡಿಟ್ಟ ಮರದ ತುಂಡುಗಳು, ಅಮ್ಮನ ಮುರಿದ ಛತ್ರಿ, ಅಕ್ಕ ಕಟ್ಟಿಟ್ಟ ಪುಸ್ತಕಗಳ ಗಂಟು. ಎಲ್ಲದರ ಮೇಲೂ ಬೆರಳು ಮುಳುಗುವಷ್ಟು ಧೂಳು. ನೇರ ನಿಂತರೆ ತಲೆ ಜಂತಿಗೆ ಬಡಿಯುತ್ತದೆ, ಕುಕ್ಕರುಗಾಲಲ್ಲಿ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ನಾಲ್ಕು ದಿನ ಬುಟ್ಟಿಯಲ್ಲಿ ತುಂಬಿ ಹಗ್ಗದಲ್ಲಿ ಇಳಿಸಿದ. ಕೊನೆಯ ದಿನ ಮೂಲೆಯಲ್ಲಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಒಂದು ಮಂಚದ ಕಾಲು ಸಿಕ್ಕಿತು. ಸಿಕ್ಕಿತು ಅನ್ನುವುದೇನು, ಅಲ್ಲಿ ಬಚ್ಚಿಟ್ಟವನೂ ಅವನೇ.

ಇದು ಅವನು ಯಾರಿಗೂ ಹೇಳದ ಮಾತು, ನಾನು ಹೇಳುತ್ತಿದ್ದೇನೆ. ಆ ದಿನ ಗುಂಡು ಅವನಿಗೆ ಕಾಣಿಸಿತ್ತು. ಚೆನ್ನಾಗಿಯೇ ಕಾಣಿಸಿತ್ತು. ಒಂದು, ಎರಡು, ಮೂರು, ಮೂರು ಸಲವೂ ಮೂಗಿನ ಮುಂದೆಯೇ ಕುಣಿದಿತ್ತು. ಆಗ ಈ ಕಾಲಿನ ಕುತ್ತಿಗೆ ತೆಗೆಯುತ್ತಿದ್ದ, ಇಡೀ ಕಾಲಿನಲ್ಲಿ ಅದೇ ಕಷ್ಟದ ಜಾಗ. ಹಲ್ಲಿ ಬಿದ್ದಿರಬೇಕು, ಇಲ್ಲ ಹಾಲು ಉಕ್ಕಿರಬೇಕು, ಇದೊಂದು ಮುಗಿಸಿ ಹೋಗೋಣ ಅಂದುಕೊಂಡ. ಕುತ್ತಿಗೆ ಮುಗಿಸಿದ. ಮುಗಿದ ಮೇಲೆ ಉಪ್ಪುಕಾಗದವನ್ನೂ ಹಿಡಿದ. ಲೇತು ನಿಲ್ಲಿಸಿದ್ದರೆ ಕಾಲು ಎದ್ದು ಓಡಿಹೋಗುತ್ತಿತ್ತೇ? ಇಪ್ಪತ್ತು ನಿಮಿಷವಾದ ಮೇಲೆ ಟೀಚರಮ್ಮನ ಕೈ ಅವನ ಭುಜದ ಮೇಲೆ ಬಿತ್ತು. ಮಂಚದ ಗಿರಾಕಿಗೆ ಅವನು ಬೇರೆ ಕಾಲು ಕಡೆದು ಕೊಟ್ಟ. ಇದನ್ನು ಕೊಡಲೂ ಆಗಲಿಲ್ಲ, ಒಲೆಗೆ ಹಾಕಲೂ ಆಗಲಿಲ್ಲ. ಈಗ ಗೋಣಿ ಬಿಚ್ಚಿ ನೋಡಿದ. ಅವನು ಕಡೆದ ಕಾಲುಗಳಲ್ಲೇ ಚೆಂದದ ಕಾಲು ಅದು. ಮತ್ತೆ ಸುತ್ತಿ ಅಲ್ಲೇ ಇಟ್ಟ.

ಆಮೇಲೆ ಕೆಲಸಕ್ಕೆ ಬಿದ್ದ ನೋಡಿ, ಅಂಥ ಹಠ ಅವನಲ್ಲಿತ್ತು ಎಂದು ಅವನಿಗೇ ಗೊತ್ತಿರಲಿಲ್ಲ. ಮೋಟರನ್ನು ಬಿಡಿಬಿಡಿಯಾಗಿ ಹಗ್ಗ ಕಟ್ಟಿ ಮೇಲಕ್ಕೆ ಎಳೆದ. ಅಕ್ಕನ ಕೋಣೆಯ ಮೇಲಿನ ತೊಲೆಗಳು ಗಟ್ಟಿಯಿದ್ದವು, ಡ್ರಮ್ಮನ್ನು ಅಲ್ಲೇ ಕೂರಿಸಿದ. ಮೋಟರಿನ ನಡುಕ ಕೆಳಗಿಳಿಯದಿರಲಿ ಎಂದು ಅಡಿಗೆ ಹಳೆಯ ಟೈರಿನ ತುಂಡುಗಳನ್ನು ಇಟ್ಟ. ಅಲ್ಲಿಂದ ಕೆಲಸದ ಕೋಣೆಯ ತನಕ ಅಟ್ಟದ ಉದ್ದಕ್ಕೂ ಒಂದು ದಪ್ಪ ಕೊಳವೆ. ಕೊಳವೆ ತಿರುಗುವಲ್ಲೆಲ್ಲ ಇವನು ಥಟ್ಟನೆ ಮೂಲೆ ತಿರುಗಿಸಿಬಿಟ್ಟಿದ್ದ. ತಗಡಿನವನು ಬಂದು ನೋಡಿ ಹಣೆ ಚಚ್ಚಿಕೊಂಡ. ಧೂಳನ್ನ ಮೆಲ್ಲಗೆ ಪುಸಲಾಯಿಸಿ ತಿರುಗಿಸಬೇಕು ಮಾರಾಯ, ಕಪಾಳಕ್ಕೆ ಹೊಡೆದು ತಿರುಗಿಸಿದರೆ ಅಲ್ಲೇ ಕೂತುಬಿಡುತ್ತೆ ಎಂದು ಬೈದು, ಉದ್ದನೆಯ ಬಾಗು ಮಾಡಿಕೊಟ್ಟ. ಯಾವ ಯಂತ್ರ ನಡೆಯುತ್ತಿದೆಯೋ ಅದರ ಕೊಳವೆ ಮಾತ್ರ ತೆರೆದಿರಲಿ ಎಂದು ಕಾಲಣ್ಣ ಪ್ರತಿ ಬಾಯಿಗೂ ಜಾರುವ ಮರದ ಮುಚ್ಚಳ ಮಾಡಿದ. ಅದು ಅವನ ಕೈಕೆಲಸ, ಬೆಣ್ಣೆಯ ಹಾಗೆ ಜಾರುತ್ತಿತ್ತು.

ಲೇತಿನ ಮೇಲೆ ಕೊಳವೆ ಇಳಿಯಲು ಒಂದು ತೂತು ಬೇಕಿತ್ತು. ಅಳತೆ ಮಾಡಿ ನೋಡಿದರೆ ಸರಿಯಾದ ಜಾಗದಲ್ಲಿ ಒಂದು ತೂತು ಆಗಲೇ ಇತ್ತು. ಅಕ್ಕ ಕೊರೆದದ್ದು. ಕಾಲಣ್ಣನಿಗೆ ಖುಷಿಯಾಯಿತು, ಹೊಸದಾಗಿ ಕೊರೆಯುವುದು ತಪ್ಪಿತಲ್ಲ ಎಂದು ಗರಗಸ ಹಾಕಿ ಅದನ್ನೇ ಅಗಲ ಮಾಡಿದ. ದಾರ ಅಡ್ಡ ಬಂತು, ಬಿಚ್ಚಿ ಸುತ್ತಿದ. ಒಳ್ಳೆಯ ದಾರ, ಮೂವತ್ತು ವರ್ಷವಾದರೂ ಎಳೆ ಬಿಟ್ಟಿರಲಿಲ್ಲ. ಡ್ರಮ್ಮಿನ ಮೇಲೆ ಬಟ್ಟೆಯ ಚೀಲದ ಬಾಯಿ ಬಿಗಿಯಲು ಸರಿಹೋಯಿತು. ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದ. ಬಳೆಯನ್ನು ಅಡುಗೆಮನೆಯ ಮೊಳೆಯಲ್ಲೇ ಬಿಟ್ಟ, ಅದರಿಂದ ಅವನಿಗೆ ಏನೂ ಕೆಲಸವಿರಲಿಲ್ಲ.

ಮೊದಲ ಸಲ ಗುಂಡಿ ಒತ್ತಿದಾಗ ಅಟ್ಟದಲ್ಲಿ ಬುಸ್ಸೆಂದಿತು. ಉಪ್ಪುಕಾಗದದ ಕೆಳಗೆ ಎದ್ದ ಧೂಳು ಸೊಂಟ ಬಗ್ಗಿಸಿಕೊಂಡು ಕೊಳವೆಯ ಬಾಯಿಗೆ ಹೋಯಿತು. ಕಾಲಣ್ಣ ನಿಂತು ನೋಡಿದ, ಮತ್ತೊಂದು ಕಾಲಿಗೆ ಕಾಗದ ಹಿಡಿದು ಮತ್ತೆ ನೋಡಿದ. ಕಿಟಕಿಯ ಬಿಸಿಲಿನಲ್ಲಿ ಯಾವಾಗಲೂ ತೇಲುತ್ತಿದ್ದ ಹೊಗೆಯಂಥದ್ದು ಇರಲಿಲ್ಲ, ಬರೀ ಬಿಸಿಲಿತ್ತು. ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅಕ್ಕನಿಗೆ ಫೋನು ಮಾಡಿ, ಆಯ್ತು, ಬಂದುಬಿಡು ಎಂದ. ಕೆಲಸದ ಕೋಣೆಯೇನೋ ಸರಿ, ನನ್ನ ಕೋಣೆ ಹೇಗಿದೆ ಎಂದು ಅವಳು ಕೇಳಿದಳು. ಅವಳು ಯಾವಾಗಲೂ ಹಾಗೆಯೇ, ಬೆರಳು ಸರಿಯಾದ ಜಾಗದಲ್ಲೇ ಇಡುತ್ತಾಳೆ.

ಕಾಲಣ್ಣ ಅಕ್ಕನ ಕಪ್ಪು ಶಾಲನ್ನು ಅವಳ ಮಂಚದ ಮೇಲೆ ಹಾಸಿ ಬಾಗಿಲು ಮುಚ್ಚಿ ಕೆಲಸಕ್ಕೆ ಹೋದ. ಸಂಜೆ ಬಂದು ಬಾಗಿಲು ತೆರೆದ. ಶಾಲಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದಿತ್ತು. ತಲೆಯ ಮೇಲೆ ಕೈಹೊತ್ತು ಕೂತ. ಅಟ್ಟ ಹತ್ತಿ ನೋಡಿದ ಮೇಲೆ ತಿಳಿಯಿತು: ಚೀಲ ದಪ್ಪ ಧೂಳನ್ನಷ್ಟೇ ಹಿಡಿಯುತ್ತದೆ, ಅತಿ ಸಣ್ಣದು ಬಟ್ಟೆಯಲ್ಲಿ ಸೋರಿ ಅಟ್ಟದಲ್ಲೇ ತುಂಬಿ, ಹಲಗೆಯ ಸಂದಿಯಿಂದ ಅಕ್ಕನ ಹಾಸಿಗೆಗೆ ಇಳಿದಿತ್ತು. ಊರಿನ ಧೂಳನ್ನೆಲ್ಲ ಗುಡ್ಡೆ ಹಾಕಿ, ಹುಡುಕಿ ಹುಡುಕಿ, ಉಸಿರಾಡಲಾಗದವಳ ತಲೆಯ ಮೇಲೆಯೇ ತಂದು ಇಟ್ಟಿದ್ದ. ಬೆಪ್ಪುತಕ್ಕಡಿ ಎಂದು ತನ್ನನ್ನು ತಾನೇ ಬೈದುಕೊಂಡ.

ಅಟ್ಟದ ಹಿಂದಿನ ಗೋಡೆ ಒಡೆದು ಕಿಂಡಿ ಮಾಡಲು, ಚೀಲದ ಸುತ್ತ ತಗಡಿನ ಗೂಡು ಕಟ್ಟಿ ಅದರ ಗಾಳಿಯನ್ನು ಹೊರಗಿನ ಖಾಲಿ ಜಾಗಕ್ಕೆ ಬಿಡಲು, ಹಲಗೆಯ ಸಂದಿ ಸಂದಿಗೂ ಪಟ್ಟಿ ಹೊಡೆದು ಮೇಣ ತುಂಬಲು ಇನ್ನೆರಡು ತಿಂಗಳು ಹಿಡಿಯಿತು. ಪ್ರತಿ ವಾರ ಶಾಲು ಹಾಸಿದ, ಪ್ರತಿ ವಾರ ಕೊಡವಿದ. ತಗಡಿನವನು ಕೂಡ ಸಾಕು ಬಿಡೋ ಎಂದ. ಒಂದು ಸಂಜೆ ಶಾಲನ್ನು ಬಾಗಿಲಿನ ಬೆಳಕಿಗೆ ಹಿಡಿದ, ತಿರುಗಿಸಿ ಹಿಡಿದ, ಕೆನ್ನೆಗೆ ಉಜ್ಜಿಕೊಂಡ. ಅದು ಕಪ್ಪಗೇ ಇತ್ತು. ಅಕ್ಕ ಹೋಗಿ ಅಷ್ಟು ಹೊತ್ತಿಗೆ ಹನ್ನೊಂದು ತಿಂಗಳಾಗಿತ್ತು. ಭಾನುವಾರ ಬರ್ತೀನಿ, ನೋಡ್ತೀನಿ ಎಂದಳು ಅಕ್ಕ.

ಅವಳು ಬಂದಳು. ಕೈಯಲ್ಲಿ ಒಂದು ಸಣ್ಣ ಚೀಲ, ಅದರಲ್ಲಿ ಅವನಿಗೆಂದು ಕಾಲರು ತಿರುಗಿಸಿ ಹೊಲಿದ ಎರಡು ಅಂಗಿ. ಪೆಟ್ಟಿಗೆ ಇರಲಿಲ್ಲ. ಮೊದಲು ನೋಡಿಹೋಗಲು ಬಂದಿದ್ದಾಳೆ, ಪೆಟ್ಟಿಗೆ ಆಮೇಲೆ ತರಬಹುದು ಎಂದು ಕಾಲಣ್ಣ ಅಂದುಕೊಂಡ. ಅವಳು ಕೆನ್ನೆ ತುಂಬಿಕೊಂಡಿದ್ದಳು, ಮೆಟ್ಟಿಲು ಹತ್ತಿದರೂ ಏದುಸಿರು ಬಿಡಲಿಲ್ಲ. ತನ್ನ ಕೋಣೆಯ ಕಿಟಕಿಯ ಅಂಚಿಗೆ ಬೆರಳಾಡಿಸಿ ನೋಡಿದಳು. ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಸಕ್ಕರೆ ಡಬ್ಬಿ ತೆಗೆದು ಮೂಸಿದಳು. ಕಾಲಣ್ಣ ಪರೀಕ್ಷೆಗೆ ಕೂತವನಂತೆ ಹಿಂದೆ ಹಿಂದೆ ನಡೆದ. ಲೇತು ಹಾಕಿ ತೋರಿಸಿದ, ಮುಚ್ಚಳ ಜಾರಿಸಿ ತೋರಿಸಿದ, ಕೊಳವೆಯ ಬಾಯಿಗೆ ಕಾಗದದ ಚೂರು ಹಿಡಿದು ಅದು ಸರ್ರೆಂದು ಮಾಯವಾಗುವುದನ್ನು ತೋರಿಸಿದ. ಎರಡು ವರ್ಷದಲ್ಲಿ ಆಡದಷ್ಟು ಮಾತನ್ನು ಒಂದು ಗಂಟೆಯಲ್ಲಿ ಆಡಿದ. ಚೆನ್ನಾಗಿ ಮಾಡಿದ್ದೀಯ ಕಣೋ ಎಂದಳು ಅಕ್ಕ, ನಿಜವಾಗಿಯೇ ಹೇಳಿದಳು.

ಆಮೇಲೆ ಅಡುಗೆಮನೆಗೆ ಹೋಗಿ ನೀರಿಗಿಟ್ಟಳು. ಬೆಂಕಿ ಹಚ್ಚಿ, ಹಳೆಯ ಅಭ್ಯಾಸ, ಕೈ ತಾನಾಗಿ ಮೊಳೆಯ ಕಡೆ ಹೋಯಿತು. ಬಳೆ ಹಿಡಿದು ಎಳೆದಳು. ಅದು ದಾರವಿಲ್ಲದೆ ಸಲೀಸಾಗಿ ಕೈಗೆ ಬಂದುಬಿಟ್ಟಿತು.

"ದಾರ ಎಲ್ಲೋ?"

"ಅದಾ? ಮೇಲೆ ಚೀಲದ ಬಾಯಿಗೆ ಕಟ್ಟಿದೀನಿ ಅಕ್ಕ. ಗಟ್ಟಿ ದಾರ, ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಅಕ್ಕ ಬಳೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ನಗು ಬಂತು ಅವಳಿಗೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾಲಣ್ಣನೂ ನಕ್ಕ, ಯಾಕೆಂದು ಗೊತ್ತಿರಲಿಲ್ಲ. ಅವಳು ನಗು ನಿಲ್ಲಿಸಿ ಒಲೆಯ ಪಕ್ಕದ ಮಣೆಯ ಮೇಲೆ ಕೂತಳು.

"ಆವತ್ತು ಧೂಳಲ್ಲಿ ಗುಂಡು ಕಾಣಿಸ್ಲಿಲ್ಲ ಅಂದೆ, ಡಾಕ್ಟರ ಹತ್ರ."

ಕಾಲಣ್ಣ ನೆಲ ನೋಡಿದ. ಒಲೆಯ ಮೇಲೆ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು, ಬಾಯಲ್ಲಿ ಅದೇ ಬಂದಿತ್ತು ಕೂಡ.

"ಕಾಣಿಸ್ತು ಅಕ್ಕ," ಎಂದ. "ಮೂರು ಸಲಾನೂ ಕಾಣಿಸ್ತು. ಇದೊಂದು ಮುಗಿಸಿ ಬರೋಣ ಅಂತ..."

"ಗೊತ್ತು."

ಅವನು ತಲೆಯೆತ್ತಿದ.

"ನೀನು ವಾಪಸ್ ಎಳೆದ್ಯಲ್ಲೋ. ನಾನು ನೆಲದ ಮೇಲೆ ಬಿದ್ದಿದ್ದೆ, ಬಳೆ ಕೈಯಲ್ಲೇ ಇತ್ತು. ಒಂದು ಸಲ ಮೇಲಕ್ಕೆ ಹೋಯ್ತು. ಬಂದೆ ಅಂದೆ ನೀನು. ಸದ್ಯ, ಬರ್ತಾನೆ ಅಂದ್ಕೊಂಡೆ. ಆಮೇಲೆ ಬಾಗಿಲನ್ನೇ ನೋಡ್ತಾ ಮಲಗಿದ್ದೆ."

ಕಾಲಣ್ಣನಿಗೆ ಆ ಜಗ್ಗಿದ್ದು ನೆನಪಿರಲಿಲ್ಲ. ಹನ್ನೊಂದು ತಿಂಗಳು ಆ ದಿನವನ್ನು ತಿರುಗಿಸಿ ತಿರುಗಿಸಿ ನೋಡಿದ್ದ. ಕುಣಿದ ಗುಂಡು ನೆನಪಿತ್ತು, ಕಾಲಿನ ಕುತ್ತಿಗೆ ನೆನಪಿತ್ತು, ಇದು ಮಾತ್ರ ನೆನಪಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಗುಂಡು ಹಿಡಿದು ಜಗ್ಗಿ, ಮತ್ತೆ ಉಳಿಗೆ ಹೋಗಿತ್ತು. ತಪ್ಪಾಯ್ತು ಎಂದು ಹೇಳಲು ಹೋದ, ಅಕ್ಕ ಕೈ ಅಡ್ಡ ಹಿಡಿದಳು. ಕೋಪವಿಲ್ಲ, ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಬರುವುದೂ ಇಲ್ಲ ಎಂದಳು. ಅಲ್ಲಿ ಅವಳ ಬಾಡಿಗೆ ಕೋಣೆಯ ಪಕ್ಕದಲ್ಲಿ ಹಿಂದೆ ನರ್ಸಾಗಿದ್ದ ಒಬ್ಬ ಮುದುಕಿ ಇದ್ದಾಳಂತೆ. ಬೆಳಗ್ಗೆ ಎದ್ದ ಕೂಡಲೇ ಗೋಡೆ ತಟ್ಟುತ್ತಾಳಂತೆ, ಇವಳೂ ತಟ್ಟಬೇಕು. ಒಂದು ದಿನ ಇವಳು ಸ್ನಾನದಲ್ಲಿದ್ದು ತಟ್ಟುವುದು ತಡವಾಯಿತು, ಮುದುಕಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದಿದ್ದಳಂತೆ. ಅದನ್ನು ಹೇಳುವಾಗ ಅಕ್ಕನ ಮುಖ ಅರಳಿತು. ಅಂಥ ಮುಖವನ್ನು ಕಾಲಣ್ಣ ಈ ಮನೆಯಲ್ಲಿ ನೋಡಿರಲಿಲ್ಲ, ನೋಡಿದ್ದರೂ ಗಮನಿಸಿರಲಿಲ್ಲ.

"ಧೂಳಿಗೋಸ್ಕರ ಹೋಗಿದ್ರೆ ಇವತ್ತೇ ವಾಪಸ್ ಬಂದುಬಿಡ್ತಿದ್ದೆ ಕಣೋ," ಎಂದಳು.

ನೀರು ಕುದಿಯಿತು. ಅವಳೇ ಎದ್ದು ಕಾಫಿ ಮಾಡಿದಳು, ಇಬ್ಬರೂ ಕುಡಿದರು. ಬಳೆಯನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಸಾಯಂಕಾಲದ ಬಸ್ಸಿಗೆ ಕಾಲಣ್ಣ ಜೊತೆಗೆ ಹೋದ, ಈ ಸಲ ಹೊರಲು ಏನೂ ಇರಲಿಲ್ಲ. ಬಸ್ಸು ಬಂದಾಗ ಅಕ್ಕ ಅವನ ಅಂಗಿಯ ತೋಳಿಗೆ ಅಂಟಿದ್ದ ಒಂದು ಮರದ ಸಿಪ್ಪೆ ತೆಗೆದು ಬಿಸಾಡಿ, ನೋಡಬೇಕು ಅನ್ನಿಸಿದರೆ ನೀನೇ ಬಾ ಎಂದಳು. ಒಂದು ಸಲ ಬಾಗಿಲು ತಟ್ಟು ಸಾಕು, ನಾನು ಕೂಡಲೇ ತೆಗೀತೀನಿ ಎಂದಳು. ಚುಚ್ಚಿ ಹೇಳಿದ್ದಲ್ಲ. ಅವನಿಗೆ ಚುಚ್ಚಿತು.

ಮನೆಗೆ ಬಂದು ಕಾಲಣ್ಣ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ. ಕಿಟಕಿಯ ಅಂಚು, ಕನ್ನಡಿ, ಮಂಚ, ಮಡಿಸಿಟ್ಟ ಕಪ್ಪು ಶಾಲು, ಒಂದು ಕಣ ಧೂಳಿಲ್ಲ. ಮಂಚದ ಮೇಲೆ ಕೂತು ಅತ್ತ. ಗಂಡಸು ಅತ್ತ ಎಂದು ಮುಚ್ಚಿಡುವಂಥದ್ದೇನೂ ಇಲ್ಲ, ಮನೆಯಲ್ಲಿ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಮರುದಿನ ಒಬ್ಬರ ಮೇಜಿನ ನಾಲ್ಕು ಕಾಲುಗಳ ಕೆಲಸವಿತ್ತು. ಮೂರನೆಯದರ ಕುತ್ತಿಗೆ ತೆಗೆಯುವಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಕಾಲಣ್ಣನ ಕಣ್ಣು ಗುಂಡಿದ್ದ ಜಾಗಕ್ಕೆ ಹೋಯಿತು, ಅಲ್ಲಿ ತಗಡಿನ ಕೊಳವೆ ಇತ್ತು. ಅವನು ಉಳಿ ಕೆಳಗಿಟ್ಟ. ಅರ್ಧ ಕಡೆದ ಕಾಲು ಇನ್ನೂ ತಿರುಗುತ್ತಿರುವಾಗಲೇ ಗುಂಡಿ ಒತ್ತಿ ಲೇತು ನಿಲ್ಲಿಸಿದ, ಅಟ್ಟದ ಮೋಟರನ್ನೂ ನಿಲ್ಲಿಸಿದ. ಕೈತೊಳೆದು ಅಡುಗೆಮನೆಗೆ ನಡೆದ. ಬಾಗಿಲಲ್ಲಿ ನಿಂತು "ಬಂದೆ" ಎಂದ, ಸ್ವಲ್ಪ ಗಟ್ಟಿಯಾಗಿಯೇ. ಮೊಳೆಯಲ್ಲಿ ಬಳೆ ತೂಗುತ್ತಿತ್ತು. ಬೆಳಗ್ಗೆ ತಾನೇ ಮಾಡಿ ಒಲೆಯ ಪಕ್ಕ ಮುಚ್ಚಿಟ್ಟಿದ್ದ ಪಾತ್ರೆಯನ್ನು ಬಿಸಿಗಿಟ್ಟು, ಒಂದು ತಟ್ಟೆ ತೆಗೆದುಕೊಂಡು ಮಣೆಯ ಮೇಲೆ ಕೂತ. ಊಟ ಬಿಸಿಯಾಗಿತ್ತು.